ಪ್ರವಾಸಕ್ಕೆ ಹೋದಾಗ ಮಾತ್ರೆ ಮನೆಯಲ್ಲೇ ಉಳಿದರೆ ಏನು ಮಾಡುತ್ತೀರಿ?

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಮಂದಿಯೆಲ್ಲ ದಾವಣಗೆರೆಯಿಂದ ಹೊರನಾಡಿಗೆ ಹೊರಟಿದ್ದೆವು. ಬಾಳೆಹೊನ್ನೂರು ದಾಟಿದ ಮೇಲೆ ಗೊತ್ತಾಯಿತು, ಮಾವನವರ ಮಾತ್ರೆ ಡಬ್ಬಿ ಬಂದಿಲ್ಲ ಅಂತ. ಅವರಿಗೆ ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಜೊತೆಗೆ ಬಿಪಿ, ಶುಗರ್ ಎರಡೂ ಇದೆ. ಶನಿವಾರ ಸಂಜೆ, ಮಳೆ ಬೇರೆ.

ದಾರಿಯಲ್ಲಿ ಸಿಕ್ಕ ಊರಲ್ಲಿ ಒಂದು ಮೆಡಿಕಲ್ ಶಾಪ್ ತೆರೆದಿತ್ತು. ಚೀಟಿ ಕೇಳಿದರು. ಇಲ್ಲ ಅಂದೆವು. ಹೆಸರು ಹೇಳಿ ಅಂದರು. ಮಾವನವರಿಗೆ ಹೆಸರು ಗೊತ್ತಿಲ್ಲ. "ಬೆಳಿಗ್ಗೆ ಒಂದು ಗುಲಾಬಿ ಬಣ್ಣದ್ದು, ರಾತ್ರಿ ಬಿಳಿದು, ಮಧ್ಯ ಗೆರೆ ಇದೆ" ಅಂದರು. ಆ ಅಂಗಡಿಯವರು ಕೊಡಲು ಒಪ್ಪಲೇ ಇಲ್ಲ. ಮುಂದಿನ ಊರಿನ ಅಂಗಡಿಯಲ್ಲಿ ಒಂದು ಮಾತೂ ಕೇಳಲಿಲ್ಲ. "ಬಿಪಿಗೆ ಇದು, ಶುಗರ್‌ಗೆ ಇದು" ಅಂತ ಎರಡು ಸ್ಟ್ರಿಪ್ ಕತ್ತರಿಸಿ ಕೈಗಿಟ್ಟರು.

ನಮ್ಮ ಯಜಮಾನರಿಗೆ ಮೊದಲನೆಯವರ ಮೇಲೆ ಸಿಟ್ಟು. ನನಗೆ ಎರಡನೆಯವರನ್ನು ನೆನೆದರೆ ಭಯ. ಆ ಮಾತ್ರೆ ಕೊಡದೆ ಹಾಗೇ ಇಟ್ಟುಕೊಂಡೆವು. ಇಂಥ ಹೊತ್ತಲ್ಲಿ ನೀವು ಏನು ಮಾಡುತ್ತೀರಿ? ಯಾರು ಮಾಡಿದ್ದು ಸರಿ?

ಮಲೆನಾಡಿಗ
ಅದೆಲ್ಲ ಆಮೇಲೆ. ಮಾವನವರು ಈಗ ಹೇಗಿದ್ದಾರೆ?

ಬೆಣ್ಣೆನಗರಿ
ಚೆನ್ನಾಗಿದ್ದಾರೆ, ಕೇಳಿದ್ದಕ್ಕೆ ಥ್ಯಾಂಕ್ಸ್. ಪಕ್ಕದ ಮನೆಯವರ ಹತ್ತಿರ ನಮ್ಮ ಮನೆ ಕೀ ಇತ್ತು. ಅವರು ಹೋಗಿ ಡಬ್ಬಿ ನೋಡಿದರೆ ಅದರಲ್ಲಿ ಬರೀ ಬಿಡಿ ಮಾತ್ರೆಗಳು. ಸ್ಟ್ರಿಪ್ ಎಲ್ಲ ಎಸೆದಾಗಿತ್ತು. ಕೊನೆಗೆ ಬೀರುವಿನಲ್ಲಿದ್ದ ಆಸ್ಪತ್ರೆ ಫೈಲ್ ಹುಡುಕಿ ಚೀಟಿ ಫೋಟೊ ಕಳಿಸಿದರು. ನೆಟ್‌ವರ್ಕ್ ಸಿಗುವಷ್ಟರಲ್ಲಿ ರಾತ್ರಿ ಆಗಿತ್ತು. ಬೆಳಿಗ್ಗೆ ಒಂದು ಕ್ಲಿನಿಕ್‌ನಲ್ಲಿ ಡಾಕ್ಟರ್ ಆ ಫೋಟೊ ನೋಡಿ, ಬಿಪಿ ಪರೀಕ್ಷೆ ಮಾಡಿ, ಬೇರೆ ಚೀಟಿ ಬರೆದುಕೊಟ್ಟರು.

ಗೋಳಗುಮ್ಮಟ
ಮೊದಲನೆಯ ಅಂಗಡಿಯವರದು ತಪ್ಪು. ಎದುರಿಗೆ ವಯಸ್ಸಾದವರು ನಿಂತಿದ್ದಾರೆ, ಎದೆಗೆ ಸ್ಟೆಂಟ್ ಇದೆ ಅಂತ ಹೇಳುತ್ತಿದ್ದಾರೆ. ಎರಡು ದಿನದ ಮಾತ್ರೆ ಕೊಟ್ಟರೆ ಆಕಾಶ ಬೀಳುತ್ತಿತ್ತಾ? ಬೇರೆ ದಿನ ಇದೇ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೌಂಟರ್ ಹಿಂದಿನಿಂದ
ನಾನು ಫಾರ್ಮಸಿಸ್ಟ್. ಗೋಳಗುಮ್ಮಟ ಅವರೇ, ಸ್ವಲ್ಪ ನಮ್ಮ ಕಡೆಯಿಂದಲೂ ನೋಡಿ. "ಗುಲಾಬಿ ಮಾತ್ರೆ, ಬಿಳಿ ಮಾತ್ರೆ" ಅಂದರೆ ನಾವು ಏನು ಕೊಡಬೇಕು? ಬಿಳಿ ಬಣ್ಣದ, ಮಧ್ಯ ಗೆರೆ ಇರುವ ಮಾತ್ರೆ ನನ್ನ ರ‍್ಯಾಕ್‌ನಲ್ಲಿ ರಾಶಿ ರಾಶಿ ಇದೆ. ಬಿಪಿಯದ್ದೂ ಇದೆ, ನಿದ್ದೆಯದ್ದೂ ಇದೆ, ಥೈರಾಯ್ಡ್‌ದೂ ಇದೆ.

ಹೆಸರು ಗೊತ್ತು ಅನ್ನುವವರದ್ದೂ ಕಷ್ಟವೇ. ಬಿಪಿಗೆ ಟೆಲ್ಮಾ ಕೊಡಿ ಅನ್ನುತ್ತಾರೆ. ಬರೀ ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್ ಒಂದೇ. ಟೆಲ್ಮಾ ಎಚ್ ಅಂದರೆ ಅದರ ಜೊತೆ ಮೂತ್ರ ಜಾಸ್ತಿ ಮಾಡಿಸುವ ಔಷಧ ಸೇರಿರುತ್ತದೆ. ಟೆಲ್ಮಾ ಎಎಂ ಅಂದರೆ ಅಮ್ಲೋಡಿಪಿನ್ ಸೇರಿರುತ್ತದೆ. ಶುಗರ್ ಮಾತ್ರೆಯಲ್ಲೂ ಗ್ಲೈಕೊಮೆಟ್ ಬೇರೆ, ಗ್ಲೈಕೊಮೆಟ್ ಜಿಪಿ ಬೇರೆ. ಮೊದಲನೆಯದರಲ್ಲಿ ಮೆಟ್‌ಫಾರ್ಮಿನ್ ಒಂದೇ, ಜಿಪಿಯಲ್ಲಿ ಶುಗರ್ ಇನ್ನೂ ಇಳಿಸುವ ಗ್ಲಿಮಿಪಿರೈಡ್ ಕೂಡ ಇದೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಅದನ್ನು ಕೊಟ್ಟು, ಅವರು ದೇವರ ದರ್ಶನ ಆಗಲಿ ಅಂತ ಹೊಟ್ಟೆಗೆ ಏನೂ ಹಾಕದೆ ಸರದಿಯಲ್ಲಿ ನಿಂತರೆ ಶುಗರ್ ಇಳಿದು ಅಲ್ಲೇ ಕುಸಿಯುತ್ತಾರೆ. ಆ ಎರಡನೆಯ ಅಂಗಡಿಯವರು ಕೊಟ್ಟಿದ್ದನ್ನು ನೀವು ಹಾಕದೆ ಇದ್ದಿದ್ದು ಒಳ್ಳೆಯದೇ ಆಯಿತು ಅಕ್ಕಾ.

ಕಾನೂನಿನ ಮಾತು: ಶೆಡ್ಯೂಲ್ ಎಚ್‌ನಲ್ಲಿರುವ ಯಾವುದನ್ನೂ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರಿಂದ ಎಚ್1 ಅಂತ ಇನ್ನೊಂದು ಪಟ್ಟಿ ಜಾರಿಯಲ್ಲಿದೆ. ಅದರಲ್ಲಿರುವ ಔಷಧ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಎಲ್ಲ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆತಂಕಕ್ಕೆ ಕೊಡುವ ಆಲ್ಪ್ರಾಜೊಲಾಮ್, ಬಲವಾದ ನೋವಿಗೆ ಕೊಡುವ ಟ್ರಮಡಾಲ್, ಕೆಲವು ಆಂಟಿಬಯೋಟಿಕ್ ಎಲ್ಲ ಅದರಲ್ಲಿವೆ.

ಗೋಳಗುಮ್ಮಟ
ಕಾನೂನು ಇರಲಿ. ಹಾಗಿದ್ದರೆ "ಇಂಥ ಕಡೆ ಆಸ್ಪತ್ರೆ ಇದೆ, ಅಲ್ಲಿ ಬರೆಸಿಕೊಂಡು ಬನ್ನಿ, ಅಲ್ಲಿಯವರೆಗೆ ಅಂಗಡಿ ತೆರೆದಿರುತ್ತೇನೆ" ಅಂತ ಹೇಳಬಹುದಿತ್ತಲ್ಲ? ಇಲ್ಲ ಅಂತ ಮುಖ ತಿರುಗಿಸುವುದಕ್ಕೂ ದಾರಿ ತೋರಿಸಿ ಇಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ.

ಕೌಂಟರ್ ಹಿಂದಿನಿಂದ
ಈ ಮಾತು ಒಪ್ಪಿದೆ. ಅಷ್ಟು ಮಾಡಲೇಬೇಕು.

ಓಪಿಡಿ 4
ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರ್ ನಾನು. ಅಂಗಡಿಯವರು ಸರಿಯೋ ತಪ್ಪೋ ಅನ್ನುವುದಕ್ಕಿಂತ ಮುಂಚೆ ಒಂದು ಗೊತ್ತಿರಬೇಕು. ಮರೆತ ಮಾತ್ರೆ ಯಾವುದು? ಎಲ್ಲ ಮಾತ್ರೆಗೂ ಒಂದೇ ಅವಸರ ಇಲ್ಲ.

ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಒಂದೆರಡು ದಿನ ತಪ್ಪಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೊಲೆಸ್ಟರಾಲ್ ಮಾತ್ರೆಯೂ ಹಾಗೇ. ವಿಟಮಿನ್, ಕ್ಯಾಲ್ಸಿಯಂಗೆ ಯಾರೂ ರಾತ್ರಿ ಓಡಾಡಬೇಕಿಲ್ಲ.

ಆದರೆ ಇನ್ನು ಕೆಲವು ಇವೆ. ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್ ಥರದ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಮೊದಲ ತಿಂಗಳುಗಳಲ್ಲಂತೂ ಜಾಸ್ತಿ. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ಥರದವನ್ನು ಥಟ್ಟನೆ ಬಿಟ್ಟರೆ ಎದೆಬಡಿತ ಏರುತ್ತದೆ, ಹೃದ್ರೋಗಿಗಳಿಗೆ ಎದೆನೋವೂ ಬರಬಹುದು. ಫಿಟ್ಸ್ ಮಾತ್ರೆ ತಪ್ಪಿದರೆ ಫಿಟ್ಸ್ ಬರುವ ಸಂಭವ ಹೆಚ್ಚು. ತುಂಬಾ ದಿನದಿಂದ ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ತಗೊಳ್ಳುವವರು ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಕಿಡ್ನಿ ಕಸಿ ಮಾಡಿಸಿಕೊಂಡವರು, ಪಾರ್ಕಿನ್‌ಸನ್ಸ್ ಇರುವವರು, ಇನ್ಸುಲಿನ್ ತಗೊಳ್ಳುವವರು, ಇವರ್‍ಯಾರೂ "ನಾಳೆ ನೋಡೋಣ" ಅನ್ನುವ ಹಾಗಿಲ್ಲ. ಅಂಥವರು ಅಂಗಡಿ ಅಂಗಡಿ ಸುತ್ತುವ ಬದಲು ನೇರವಾಗಿ ಹತ್ತಿರದ ಆಸ್ಪತ್ರೆಗೆ ಹೋಗಿ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಡ್ಯೂಟಿ ಡಾಕ್ಟರ್ ಇರುತ್ತಾರೆ. ಎದೆನೋವು, ಫಿಟ್ಸ್, ಮಾತು ತೊದಲುವುದು ಶುರುವಾಗಿದ್ದರೆ ಮಾತ್ರೆ ಹುಡುಕುವುದು ಬಿಟ್ಟು 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ತಪ್ಪಿಹೋದ ಡೋಸ್‌ ಸರಿದೂಗಿಸುತ್ತೇನೆ ಅಂತ ಮರುದಿನ ಎರಡೆರಡು ನುಂಗಬೇಡಿ. ಬಿಪಿ, ಶುಗರ್ ಎರಡರಲ್ಲೂ ಇದು ಅಪಾಯ.

ಕೆಂಪುಮಣ್ಣು
ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳುತ್ತೀರಿ? ನಮ್ಮ ಯಾತ್ರೆ ಬಸ್‌ನಲ್ಲಿ ಅರ್ಧ ಜನಕ್ಕೆ ಬಿಪಿ ಇರುತ್ತದೆ. ಒಬ್ಬರ ಹತ್ತಿರ ಇಲ್ಲ ಅಂದರೆ ಇನ್ನೊಬ್ಬರು ಒಂದು ಮಾತ್ರೆ ಕೊಡುತ್ತಾರೆ. ಯಾರಿಗೂ ಏನೂ ಆಗಿಲ್ಲ.

ಓಪಿಡಿ 4
ದಯವಿಟ್ಟು ಹಾಗೆ ಮಾಡಬೇಡಿ. ಬಿಪಿ ಮಾತ್ರೆಯಲ್ಲಿ ಹತ್ತಾರು ಬಗೆ ಇದೆ. ಆಸ್ತಮಾ ಇರುವವರಿಗೆ ಪಕ್ಕದ ಸೀಟಿನವರ ಪ್ರೊಪ್ರನೊಲಾಲ್ ಕೊಟ್ಟರೆ ಉಸಿರು ಕಟ್ಟಬಹುದು. ಕಿಡ್ನಿ ತೊಂದರೆ ಇರುವವರಿಗೆ ಕೆಲವು ಬಿಪಿ ಮಾತ್ರೆ ಪೊಟ್ಯಾಸಿಯಂ ಏರಿಸುತ್ತದೆ. ಅದು ಹೊರಗೆ ಕಾಣಿಸುವುದೂ ಇಲ್ಲ. ಕೊಡುವವರ ಮನಸ್ಸು ಒಳ್ಳೆಯದೇ, ಆದರೂ ಬೇಡ.

ಕೆಂಪುಮಣ್ಣು
ಆಸ್ತಮಾ ವಿಷಯ ಗೊತ್ತಿರಲಿಲ್ಲ ಡಾಕ್ಟ್ರೇ. ನಮ್ಮ ಗುಂಪಿನಲ್ಲಿ ಹೇಳುತ್ತೇನೆ.

ಟಿಕೆಟ್ ಟಿಕೆಟ್
ನಮ್ಮ ತಂದೆ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು. ಆಗೆಲ್ಲ ಜನ ಬಸ್‌ಸ್ಟ್ಯಾಂಡಿಗೆ ಬಂದು ಮಾತ್ರೆ ಕವರ್ ಕೊಟ್ಟು "ಧರ್ಮಸ್ಥಳದಲ್ಲಿ ನಮ್ಮವರು ಕಾಯುತ್ತಿರುತ್ತಾರೆ" ಅನ್ನುತ್ತಿದ್ದರು. ಸಂಜೆಯ ಬಸ್ಸಿಗೆ ಕೊಟ್ಟರೆ ಬೆಳಕು ಹರಿಯುವ ಮೊದಲೇ ತಲುಪುತ್ತಿತ್ತು. ಕವರ್ ಮೇಲೆ ಬಸ್ ನಂಬರ್, ಇಳಿಸಿಕೊಳ್ಳುವವರ ಫೋನ್ ನಂಬರ್ ಬರೆದು, ಅವರಿಗೂ ಬಸ್ ನಂಬರ್ ಹೇಳಬೇಕು. ಎಷ್ಟೋ ಮನೆಗಳಿಗೆ ಇದೇ ದಾರಿ.

ಮಲೆನಾಡಿಗ
ಈಗ ಹಾಗೆ ಸುಮ್ನೆ ಕೈಗೆ ಕೊಟ್ಟರೆ ಕಂಡಕ್ಟರ್‌ಗೆ ತೊಂದರೆ. ಚೆಕಿಂಗ್ ಬಂದರೆ ಲಗೇಜ್ ಟಿಕೆಟ್ ಎಲ್ಲಿ ಅಂತ ಕೇಳುತ್ತಾರೆ. ಕೆಎಸ್‌ಆರ್‌ಟಿಸಿಯವರದ್ದೇ ನಮ್ಮ ಕಾರ್ಗೊ 2021ರಲ್ಲಿ ಶುರುವಾಗಿದೆ. ದೊಡ್ಡ ಬಸ್‌ಸ್ಟ್ಯಾಂಡ್‌ಗಳಲ್ಲಿ ಕೌಂಟರ್ ಇದೆ, ರಸೀದಿಯೂ ಸಿಗುತ್ತದೆ.

ಟಿಕೆಟ್ ಟಿಕೆಟ್
ಕೌಂಟರ್ ಇರುವ ಕಡೆ ಸರಿ. ಇಲ್ಲದ ಕಡೆ ಲಗೇಜ್ ಟಿಕೆಟ್ ಹರಿದುಕೊಡಿ ಅಂತ ನಾವೇ ಕೇಳಬೇಕು. ಇನ್ಸುಲಿನ್ ಮಾತ್ರ ಹೀಗೆ ಕಳಿಸಬೇಡಿ, ಇಂಜಿನ್ ಪಕ್ಕದ ಬಿಸಿಯಲ್ಲಿ ಇಟ್ಟುಬಿಡುತ್ತಾರೆ.

ಸಂಜೆಮಲ್ಲಿಗೆ
ಇನ್ಸುಲಿನ್ ಮಾತು ಬಂತಲ್ಲ, ನಾನು ಹೇಳಲೇಬೇಕು. ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್, ಇನ್ಸುಲಿನ್ ಇಲ್ಲದೆ ಆಗುವುದಿಲ್ಲ. ಮನೆಯಲ್ಲಿ ಇನ್ಸುಲಿನ್ ಪೆನ್ ಬಳಸುತ್ತಾಳೆ. ಪೆನ್ ಮರೆತು ಸಣ್ಣ ಊರಲ್ಲಿ ಕೇಳಿದರೆ ಎಷ್ಟೋ ಸಲ ಬಾಟಲಿ ಮಾತ್ರ ಸಿಗುತ್ತದೆ. ಅದೇ ಇನ್ಸುಲಿನ್ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಅಷ್ಟೇ ಸಾಲದು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್ ಇರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್ ಬೇಕು. 100ರ ಸಿರಿಂಜ್ ಮುಚ್ಚಳ ಕಿತ್ತಳೆ ಬಣ್ಣದ್ದು. 40ರ ಬಾಟಲಿಯಿಂದ 100ರ ಸಿರಿಂಜ್‌ನಲ್ಲಿ ಎಳೆದರೆ ಅರ್ಧಕ್ಕಿಂತ ಕಮ್ಮಿ ಹೋಗುತ್ತದೆ. 100ರದ್ದನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಮಗು ಪ್ರಜ್ಞೆ ತಪ್ಪುತ್ತದೆ.

ಅಂಗಡಿಯಲ್ಲೇ ಬಾಟಲಿ ಒಂದು ಕೈಯಲ್ಲಿ, ಸಿರಿಂಜ್ ಇನ್ನೊಂದು ಕೈಯಲ್ಲಿ ಹಿಡಿದು ಎರಡರ ಮೇಲಿನ ಅಂಕಿ ಒಂದೇನಾ ಅಂತ ನೋಡಿ. ನಾನು ಈಗಲೂ ಜೋರಾಗಿ ಓದಿಯೇ ತಗೊಳ್ಳುವುದು.

ಕೌಂಟರ್ ಹಿಂದಿನಿಂದ
ತಾಯಿ, ಇದನ್ನು ಎಲ್ಲರೂ ಓದಬೇಕು. ಸಿರಿಂಜ್ ಕೇಳಿದಾಗ "ಯಾವುದಾದರೂ ಕೊಡಿ" ಅನ್ನುವವರು ದಿನಾ ಬರುತ್ತಾರೆ.

ಕಾಫಿ ಹೂ
ವಿಷಯ ಬೇರೆ, ಕ್ಷಮಿಸಿ. ಹೊರನಾಡಿಗೆ ಮಳೆಗಾಲದಲ್ಲಿ ಕೊಟ್ಟಿಗೆಹಾರದ ಕಡೆಯಿಂದ ಹೋಗುವುದು ಒಳ್ಳೆಯದಾ, ಬಾಳೆಹೊನ್ನೂರಿನ ಕಡೆಯಿಂದಾ?

ಮಲೆನಾಡಿಗ
ದಾವಣಗೆರೆ, ಶಿವಮೊಗ್ಗ ಕಡೆಯವರಿಗೆ ಬಾಳೆಹೊನ್ನೂರೇ ಹತ್ತಿರ. ಬೆಂಗಳೂರಿನವರು ಚಿಕ್ಕಮಗಳೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರಕ್ಕೆ ಬನ್ನಿ, ನೀರುದೋಸೆ ತಿಂದು ಮುಂದೆ ಹೋಗಿ. ಮಂಜು ಇಳಿದರೆ ಎರಡೂ ಕಷ್ಟವೇ. ಕತ್ತಲಾಗುವ ಮುಂಚೆ ತಲುಪುವ ಹಾಗೆ ನೋಡಿಕೊಳ್ಳಿ.

ಥೇಮ್ಸ್ ದಂಡೆ
ಇಂಗ್ಲೆಂಡಿನ ಮಾತು ಹೇಳುತ್ತೇನೆ. ಇಲ್ಲಿ ಫಾರ್ಮಸಿಸ್ಟ್‌ಗೇ ಒಂದು ಅಧಿಕಾರ ಇದೆ. ಮೊದಲೇ ಡಾಕ್ಟರ್ ಬರೆದುಕೊಟ್ಟಿದ್ದ ಮಾತ್ರೆ ಮುಗಿದಿದ್ದರೆ, ಈಗಲೇ ಬೇಕು ಅಂತ ಅವರಿಗೆ ಅನ್ನಿಸಿದರೆ, ಮಾತಾಡಿಸಿ ನೋಡಿ ಚೀಟಿ ಇಲ್ಲದೆಯೇ ಕೊಡಬಹುದು. ಹೆಚ್ಚೆಂದರೆ 30 ದಿನಕ್ಕೆ ಆಗುವಷ್ಟು. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಯಂಥವಕ್ಕೆ ನಿಯಮ ಬಿಗಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಆದರೆ ಊರಿಂದ ಬಂದ ಅಪ್ಪ ಅಮ್ಮನಿಗೆ ಇದು ಆಗುವುದಿಲ್ಲ. ಭಾರತದ ಚೀಟಿ ಇಲ್ಲಿ ನಡೆಯುವುದಿಲ್ಲ. ಹತ್ತಿರದ ಜಿಪಿ (ಇಲ್ಲಿನ ಸಾಮಾನ್ಯ ಡಾಕ್ಟರ್) ಕ್ಲಿನಿಕ್‌ನಲ್ಲಿ ತಾತ್ಕಾಲಿಕ ರೋಗಿ ಅಂತ ನೋಂದಾಯಿಸಿ ಅಂತ ಕೇಳಬೇಕು, ಇಲ್ಲವೇ ದುಡ್ಡು ಕೊಟ್ಟು ಖಾಸಗಿ ಡಾಕ್ಟರಿಗೆ ತೋರಿಸಬೇಕು. ಊರಿನ ಚೀಟಿಯಲ್ಲಿ ಔಷಧದ ಮೂಲ ಹೆಸರು ಇದ್ದರೆ ಅವರಿಗೆ ತಿಳಿಯುತ್ತದೆ. ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.

ಗೋಳಗುಮ್ಮಟ
ನೋಡಿ, ನಾನು ಹೇಳಿದ್ದು ಇದನ್ನೇ. ಓದಿ ಬಂದಿರುವ ಫಾರ್ಮಸಿಸ್ಟ್‌ಗೆ ಅಷ್ಟು ಅಧಿಕಾರ ನಮ್ಮಲ್ಲೂ ಕೊಡಲಿ. ಮೂರು ದಿನದ್ದು ಕೊಡು, ಪುಸ್ತಕದಲ್ಲಿ ಬರಿ, ಮುಗಿಯಿತು.

ಎರೀ ಸರೋವರ
ಅಮೆರಿಕದ ಒಹಾಯೊದಲ್ಲಿ ಇಂಥ ಕಾನೂನು ಒಂದು ಸಾವಿನಿಂದ ಬಂತು. ಕೆವಿನ್ ಹೌಡ್‌ಶೆಲ್ ಅಂತ 36 ವರ್ಷದವರು, ಟೈಪ್ 1 ಇತ್ತು. ಹೊಸ ವರ್ಷದ ರಜೆಯ ಹೊತ್ತಿಗೆ ಅವರ ಇನ್ಸುಲಿನ್ ಚೀಟಿಯ ಅವಧಿ ಮುಗಿದಿತ್ತು. ಫಾರ್ಮಸಿಯಲ್ಲಿ ಕೊಡಲಿಲ್ಲ, ಡಾಕ್ಟರ್ ಸಿಗಲಿಲ್ಲ. 2014ರ ಜನವರಿಯಲ್ಲಿ ತೀರಿಕೊಂಡರು. ಅವರ ಮನೆಯವರು ಬಿಡದೆ ಹೋರಾಡಿ, 2015ರ ಕೊನೆಗೆ ಅಲ್ಲಿ "ಕೆವಿನ್ಸ್ ಲಾ" ಆಯಿತು. ಆಮೇಲೆ ಬೇರೆ ರಾಜ್ಯಗಳೂ ಅದೇ ಹೆಸರಲ್ಲಿ ಕಾನೂನು ಮಾಡಿದವು. ಹಾಗಾಗಿ "ಕಾನೂನು ಇರಲಿ" ಅಂತ ಬಿಟ್ಟುಬಿಡಬೇಡಿ ಗೋಳಗುಮ್ಮಟ ಅವರೇ. ಬದಲಾಯಿಸಿ ಅಂತ ಕೇಳೋಣ.

ಕೌಂಟರ್ ಹಿಂದಿನಿಂದ
ಅಧಿಕಾರ ಕೊಟ್ಟರೆ ನನಗೂ ಸಂತೋಷ. ಆದರೆ ಫಾರ್ಮಸಿಸ್ಟ್ ಲೈಸೆನ್ಸ್ ಗೋಡೆಯ ಮೇಲೆ ತೂಗುಹಾಕಿ ಕೌಂಟರ್‌ನಲ್ಲಿ ಬೇರೆ ಯಾರೋ ನಿಂತಿರುವ ಅಂಗಡಿಗಳಿವೆ. ಅದು ಮೊದಲು ನಿಲ್ಲಬೇಕು. ಇಲ್ಲದಿದ್ದರೆ ಅಕ್ಕ ಹೇಳಿದ ಎರಡನೆಯ ಅಂಗಡಿಯ ಕಥೆಯೇ ಎಲ್ಲ ಕಡೆ.

ಖರ್ಜೂರದ ನೆರಳು
ದುಬೈಗೆ ಬರುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಟ್ರಮಡಾಲ್, ಕೋಡೀನ್, ಆಲ್ಪ್ರಾಜೊಲಾಮ್ ಥರದವು ಇಲ್ಲಿ ಕಟ್ಟುನಿಟ್ಟಿನ ಪಟ್ಟಿಯಲ್ಲಿವೆ. ತರುವ ಮುಂಚೆ ಇಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಅನುಮತಿ ತಗೊಳ್ಳಬೇಕು. "ಮರೆತು ಬಂದಿದ್ದೇವೆ, ಬರುವವರ ಕೈಲಿ ಕಳಿಸಿ" ಅಂತ ಯಾರದೋ ಬ್ಯಾಗಲ್ಲಿ ಹಾಕಿಸಬೇಡಿ. ಸಿಕ್ಕಿಬೀಳುವುದು ಆ ಬ್ಯಾಗ್ ಹಿಡಿದವರು.

ಕಾಫಿ ಹೂ
ನಮ್ಮೂರಿಗೇ ಬರೋಣ. ಭಾನುವಾರ, ಕ್ಲಿನಿಕ್ ಎಲ್ಲ ಮುಚ್ಚಿದೆ, ಅವಸರದ ಮಾತ್ರೆಯೂ ಅಲ್ಲ. ಆಗ?

ಓಪಿಡಿ 4
ನಿಮ್ಮ ಮಾಮೂಲಿ ಡಾಕ್ಟರಿಗೇ ಫೋನ್ ಮಾಡಿ ಕೇಳಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮದಲ್ಲಿ ಡಾಕ್ಟರ್ ಸಹಿ ಮಾಡಿದ ಚೀಟಿಯ ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸಲು ಅವಕಾಶ ಇದೆ. ಹಳೆ ರೋಗಿಗೆ ಅದೇ ಮಾತ್ರೆ ಮತ್ತೆ ಬರೆಯಬಹುದು. ಅವರು ಸಿಗದಿದ್ದರೆ ಸರ್ಕಾರದ ಇ-ಸಂಜೀವಿನಿ ಇದೆ. ದುಡ್ಡು ಕೊಡಬೇಕಿಲ್ಲ, ಫೋನಲ್ಲೇ ಡಾಕ್ಟರ್ ಮಾತಾಡಿ ಚೀಟಿ ಕಳಿಸುತ್ತಾರೆ. ಇನ್ನೂ ಬಿಗಿ ನಿಯಮ ಇರುವ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧ, ಮಾದಕ ಪದಾರ್ಥದ ಕಾಯ್ದೆಗೆ ಬರುವ ಔಷಧ ಮಾತ್ರ ಹೀಗೆ ಬರೆಯುವಂತಿಲ್ಲ.

ರೈಲಿನಲ್ಲಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮುಂದಿನ ದೊಡ್ಡ ಸ್ಟೇಷನ್‌ಗೆ ಡಾಕ್ಟರನ್ನು ಕರೆಸಿ ಅಂತ ಕೇಳಬಹುದು.

ಕೌಂಟರ್ ಹಿಂದಿನಿಂದ
ಇದರ ಜೊತೆ ನಿಮ್ಮ ಊರಿನ ಮೆಡಿಕಲ್ ಶಾಪ್‌ಗೂ ಒಂದು ಫೋನ್ ಮಾಡಿ. ಪ್ರತಿ ತಿಂಗಳು ಅಲ್ಲೇ ತಗೊಳ್ಳುತ್ತೀರಿ ಅಂದರೆ ಹಳೆ ಬಿಲ್ ಕಂಪ್ಯೂಟರ್‌ನಲ್ಲಿ ಇರುತ್ತದೆ. ಹೆಸರು, ಎಷ್ಟು ಎಂಜಿ ಎಲ್ಲ ಅದರಲ್ಲಿದೆ. ಬಿಲ್ ಚೀಟಿ ಆಗುವುದಿಲ್ಲ. ಆದರೆ ಹೊಸ ಊರಿನ ಡಾಕ್ಟರ್ ಐದು ನಿಮಿಷದಲ್ಲಿ ಬರೆದುಕೊಡಲು ಅದು ಸಾಕು.

ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಿ ಡಬ್ಬಿಗೆ ಹಾಕುವವರಿಗೆ ಒಂದು ಕೋರಿಕೆ. ಪ್ರತಿ ಮಾತ್ರೆಯ ಖಾಲಿ ಸ್ಟ್ರಿಪ್ ಒಂದೊಂದನ್ನು ಡಬ್ಬಿಯ ತಳದಲ್ಲೇ ಇಡಿ. ಒಂದು ಫೋಟೊ ಫೋನ್‌ನಲ್ಲಿ ಇರಲಿ. ಕತ್ತರಿಸಿದ ಸ್ಟ್ರಿಪ್ ಆದರೆ ಹೆಸರು, ಎಕ್ಸ್‌ಪೈರಿ ಇರುವ ತುದಿ ಇಟ್ಟುಕೊಳ್ಳಿ.

ಮೌನರಾಗ
ಮನಸ್ಸಿನ ಕಾಯಿಲೆಯ ಮಾತ್ರೆ ಬಗ್ಗೆ ಯಾರೂ ಬರೆದಿಲ್ಲ. ನನ್ನ ತಮ್ಮ ಕ್ಲೊಜಾಪಿನ್ ತಗೊಳ್ಳುತ್ತಾನೆ. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಮಾತ್ರೆ ಮರೆತೆ ಅಂತ ಹೇಳಲು ಅವನಿಗೆ ಆಗಲಿಲ್ಲ. ಎರಡು ದಿನ ಕಳೆದ ಮೇಲೆ ನನಗೆ ಗೊತ್ತಾಯಿತು. ನಮ್ಮ ಡಾಕ್ಟರ್ ಫೋನಲ್ಲಿ, ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆ ಡೋಸ್ ನೇರವಾಗಿ ಶುರು ಮಾಡಬಾರದು, ಕಡಿಮೆಯಿಂದ ಮತ್ತೆ ಏರಿಸಬೇಕು ಅಂದರು. ಮಾತ್ರೆ ಸಿಕ್ಕಿತು ಅಂತ ಎಂದಿನಂತೆ ಕೊಟ್ಟುಬಿಡುತ್ತಿದ್ದೆವು. ಮನೆಯಲ್ಲಿ ಇಂಥವರು ಇದ್ದರೆ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ. ಬೈಯಬೇಡಿ.

ಓಪಿಡಿ 4
ಸರಿಯಾಗಿ ಹೇಳಿದ್ದಾರೆ ನಿಮ್ಮ ಡಾಕ್ಟರ್. ಎಚ್‌ಐವಿ ಮಾತ್ರೆ ತಗೊಳ್ಳುವವರೂ ಹೀಗೇ ಹೇಳಲು ಹಿಂಜರಿಯುತ್ತಾರೆ. ಬೇರೆ ಊರಿನಲ್ಲಿ ಆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಚಿಕಿತ್ಸೆಯ ವಿವರ ಇರುವ ನಿಮ್ಮ ಹಸಿರು ಪುಸ್ತಕ ಅಥವಾ ಅದರ ಫೋಟೊ ಹಿಡಿದು ಹೋಗಿ ಕೇಳಿ. ಪ್ರಯಾಣದಲ್ಲಿರುವ ರೋಗಿಗಳಿಗೆ ಕೊಡುವ ವ್ಯವಸ್ಥೆ ಅಲ್ಲಿದೆ.

ಬೆಣ್ಣೆನಗರಿ
ಎಲ್ಲರಿಗೂ ಧನ್ಯವಾದ. ಮಾವನವರಿಗೂ ಓದಿ ಹೇಳಿದೆ. ಅವರ ಅಕ್ಕ ಮುಂದಿನ ತಿಂಗಳು ಕಾಶಿಗೆ ಹೊರಟಿದ್ದಾರೆ. ಹೃದಯದ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಆಸಿಟ್ರಾಮ್ ಮಾತ್ರೆ ತಗೊಳ್ಳುತ್ತಾರೆ. ಅವರಿಗೆ ಏನು ಹೇಳಲಿ ಡಾಕ್ಟ್ರೇ?

ಓಪಿಡಿ 4
ಅದನ್ನು ಒಂದು ದಿನವೂ ಬಿಡುವ ಹಾಗಿಲ್ಲ. ಹೋಗಿ ಬರುವ ದಿನಕ್ಕಿಂತ ಒಂದು ವಾರದ್ದು ಜಾಸ್ತಿ ಇರಲಿ. ಅರ್ಧ ಅವರ ಕೈಚೀಲದಲ್ಲಿ, ಅರ್ಧ ಜೊತೆಗೆ ಹೋಗುವವರ ಬ್ಯಾಗಲ್ಲಿ. ಹೊರಡುವ ಮುಂಚೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಒಂದು ಐಎನ್‌ಆರ್ ಮಾಡಿಸಿ, ಆ ರಿಪೋರ್ಟ್ ಮತ್ತು ಈಗ ಎಷ್ಟು ಎಂಜಿ ಅನ್ನುವ ಚೀಟಿ ಎರಡೂ ಬ್ಯಾಗಲ್ಲೂ ಇರಲಿ. ಆಸಿಟ್ರಾಮ್ 1, 2, 3, 4 ಎಂಜಿ ಅಂತ ಬೇರೆ ಬೇರೆ ಬರುತ್ತದೆ, ಹೆಸರು ಹೇಳಿದರೆ ಸಾಲದು. ಅಲ್ಲಿ ಮೈಕೈ ನೋವು ಅಂತ ನೋವಿನ ಮಾತ್ರೆ ತಗೊಳ್ಳಬೇಡಿ ಅಂತಲೂ ಹೇಳಿ, ರಕ್ತಸ್ರಾವ ಆಗಬಹುದು. ಒಂದು ಹೊತ್ತು ತಪ್ಪಿ ಅದೇ ದಿನ ನೆನಪಾದರೆ ತಗೊಳ್ಳಲಿ. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗುವುದು ಬೇಡ, ಆ ದಿನದ್ದು ಮಾತ್ರ ತಗೊಂಡು ಡಾಕ್ಟರಿಗೆ ಫೋನ್ ಮಾಡಲಿ.

ಬೆಣ್ಣೆನಗರಿ
ಬರೆದುಕೊಂಡೆ. ಅವರ ಮಗನಿಗೂ ಈಗಲೇ ಕಳಿಸುತ್ತೇನೆ.